ನಡುಕೋಣೆಯ ಕದ

ನಮ್ಮ ಮನೆಯ ನಡುಕೋಣೆಗೆ ಈಗ ಕದ ಇಲ್ಲ. ಹೋದ ಬೇಸಿಗೆಯಲ್ಲಿ ನಾನೇ ಕಿತ್ತೆ. ಮನೆಗೆ ಬಂದವರು ಗೆದ್ದಲು ಹತ್ತಿತ್ತೇನು ಎಂದು ಕೇಳುತ್ತಾರೆ, ಹೌದು ಅನ್ನುತ್ತೇನೆ. ನಾಯಿಗಾಗಿ ಕಿತ್ತೆ ಅಂದರೆ ಮೊದಲು ನಗುತ್ತಾರೆ, ಆಮೇಲೆ ನಾಯಿಗೆ ಆ ಕೋಣೆ ಕಂಡರೆ ಯಾಕೆ ಭಯ ಎಂದು ಕೇಳುತ್ತಾರೆ. ಆ ಮಾತಿಗೆ ಹೆದರಿಯೇ ಗೆದ್ದಲಿನ ಮೇಲೆ ಹಾಕುವುದು. ಬಾಯಲ್ಲಿ ಹೇಳಲಾಗದ್ದನ್ನು ಬರೆದು ನೋಡುತ್ತಿದ್ದೇನೆ. ಆರನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ತೋರಣಗಲ್ಲಿನ ಉಕ್ಕಿನ ಪ್ಲಾಂಟಿನಲ್ಲಿ ಕಾಂಟ್ರ್ಯಾಕ್ಟ್ ಕೂಲಿಗೆ ಸೇರಿದ ಮೇಲೆ ಶಿಫ್ಟಿನ ಬುಕ್ಕು ಬರೆದು ಕೈ ಅಷ್ಟಿಷ್ಟು ಪಳಗಿದೆ.

ಮನೆ ಹೊಸಪೇಟೆಯಲ್ಲಿ, ಕಾಲುವೆಯ ದಂಡೆಗೆ ಹೊಂದಿದ ಓಣಿಯಲ್ಲಿದೆ. ಮುಂದೆ ತಗಡು ಹೊದಿಸಿದ ಪಡಸಾಲೆ, ನಡುವೆ ಮಣ್ಣಿನ ಮಾಳಿಗೆಯ ಒಂದು ಕೋಣೆ, ಹಿಂದೆ ಅಡುಗೆಮನೆ. ಅಡುಗೆಮನೆಗೆ ನಡುಕೋಣೆ ದಾಟಿ ಹೋಗಬಹುದು, ಗೋಡೆಯ ಪಕ್ಕದ ಸಂದಿಯಿಂದಲೂ ಹೋಗಬಹುದು. ನಡುಕೋಣೆಯ ಗೋಡೆ ಮೊಳದಪ್ಪ. ನೆಲಕ್ಕೆ ಕಲ್ಲಿನ ಹಾಸು, ಮೇಲೆ ಒಂದು ಬೆಳಕಿಂಡಿ. ನಮ್ಮ ಬಿಸಿಲಿನಲ್ಲಿ ಓಣಿಯೆಲ್ಲ ಕಾದ ಹಂಚಾಗಿರುವಾಗಲೂ ಆ ಕೋಣೆಯ ಕಲ್ಲು ತಣ್ಣಗಿರುತ್ತದೆ.

ಆ ಕೋಣೆ ಅಕ್ಕನದು. ನನಗಿಂತ ಐದು ವರ್ಷ ದೊಡ್ಡವಳು. ಕಂಪ್ಲಿಗೆ ಕೊಟ್ಟಿದ್ದರು. ಎರಡು ವರ್ಷಕ್ಕೆ ಭಾವ ತೀರಿಕೊಂಡ ಮೇಲೆ ಒಂದು ಟ್ರಂಕು ಹಿಡಿದು ವಾಪಸ್ ಬಂದವಳು ಮತ್ತೆಲ್ಲಿಗೂ ಹೋಗಲಿಲ್ಲ. ಮಂದಿಯ ಹಳೆ ಸೀರೆ ತಂದು ಕೌದಿ ಹೊಲಿಯುತ್ತಿದ್ದಳು. ನಾನು ಮದುವೆಯಾಗಲಿಲ್ಲ. ಮನೆಯಲ್ಲಿ ನಾವಿಬ್ಬರೇ ಇದ್ದೆವು, ಆಮೇಲೆ ನಾಯಿ ಸೇರಿ ಮೂವರಾದೆವು.

ನಾಯಿ ಸಂಡೂರಿನದು. ಆಗ ನಾನು ಅಲ್ಲಿ ಅದಿರಿನ ಲಾರಿಗಳು ತೂಕಕ್ಕೆ ನಿಲ್ಲುವ ಕಡೆ ಕೆಲಸಕ್ಕಿದ್ದೆ. ಲಾರಿಯ ಗಾಲಿಗೆ ಅಡ್ಡಡ್ಡ ಓಡುತ್ತಿದ್ದ ಕೆಂಪು ಮರಿಯೊಂದನ್ನು ಊಟದ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಅಕ್ಕ ಅದನ್ನು ಬಚ್ಚಲಿಗೆ ಒಯ್ದು ನೀರು ಹಾಕಿದಳು. ಮೊದಲ ಕೊಡಕ್ಕೆ ಕೆಂಪು ನೀರು, ಎರಡನೆಯದಕ್ಕೂ ಕೆಂಪು ನೀರು. ಮೂರನೇ ಕೊಡ ಸುರಿದಾಗ ಬಿಳಿ ನಾಯಿ ಹೊರಬಿತ್ತು.

“ಬಣ್ಣ ಬಿಡೋ ನಾಯಿ ತಂದಿಯಲ್ಲೋ,” ಅಂದಳು ಅಕ್ಕ. “ಅಂಗಡ್ಯಾಗ ತಗಂಡಿದ್ರ ವಾಪಸ್ಸರ ಕೊಡಬಹುದಿತ್ತು.”

ಹೆಸರಿಡಲಿಲ್ಲ. ಮರಿ ಎಂದು ಕರೆದಳು, ಅದು ಮುದಿಯಾಗಿ ಮೂತಿಯ ಕೂದಲು ಉದುರಿದ ಮೇಲೂ ಮರಿಯೇ. ಮಂಚದ ಕೆಳಗೆ ಅದಕ್ಕೆಂದೇ ಒಂದು ತುಂಡು ಕೌದಿ ಹೊಲಿದು ಹಾಸಿದ್ದಳು. ಅವಳು ಮಂಚದ ಮೇಲೆ, ಅದು ಕೆಳಗೆ. ನಾನು ಪಡಸಾಲೆಯಲ್ಲಿ.

ಅಕ್ಕನಿಗೆ ಹೊಟ್ಟೆಯ ಬೇನೆ ಹತ್ತಿತು. ಆಸ್ಪತ್ರೆಯವರು ಇನ್ನು ಮನೆಗೆ ಕರಕೊಂಡು ಹೋಗಿ ಅಂದರು. ಒಂದು ತಿಂಗಳ ಮೇಲೆ ನಾಲ್ಕು ದಿನ ಬದುಕಿದಳು. ಆ ದಿನಗಳಲ್ಲಿ ಕೋಣೆಯಲ್ಲಿ ಒಂದು ವಾಸನೆ ಇತ್ತು. ಪ್ಲಾಂಟಿನಲ್ಲಿ ಗಂಧಕದ ಹೊಗೆ ಕುಡಿದವನು ನಾನು, ಆ ವಾಸನೆ ತಡೆಯಲಿಲ್ಲ. ವಾಸನೆಯ ಮೇಲೆ ಹಾಕುವುದೂ ಪೂರ್ತಿ ನಿಜವಲ್ಲ. ಕೋಲಿನಂತಾದ ಆ ಕೈಗಳನ್ನು ನೋಡಲು ನನಗೆ ಧೈರ್ಯ ಇರಲಿಲ್ಲ. ತಟ್ಟೆಗೆ ಗಂಜಿ ಹಾಕಿ ಹೊಸ್ತಿಲ ಮೇಲಿಟ್ಟು ಪಕ್ಕದ ಮನೆಯ ಅತ್ತೆಯನ್ನು ಕೂಗುತ್ತಿದ್ದೆ. ಅತ್ತೆ ಅಂದರೆ ಸಂಬಂಧವಲ್ಲ, ಓಣಿಯವರೆಲ್ಲ ಅವರನ್ನು ಹಾಗೇ ಕರೆಯುವುದು. ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುವ ಮುದುಕಿ. ಹಿಟ್ಟಿನ ಕೈ ತೊಳೆದುಕೊಂಡು ಬಂದು ಅಕ್ಕನಿಗೆ ಕುಡಿಸುತ್ತಿದ್ದರು, ಮೈ ಒರೆಸುತ್ತಿದ್ದರು, ಬಟ್ಟೆ ಬದಲಿಸುತ್ತಿದ್ದರು. ಹೊಸ್ತಿಲ ಆಚೆಗೆ ಬೇನೆ ಮತ್ತು ನಾಯಿ, ಈಚೆಗೆ ನಾನು.

“ಒಳಗ ಬಾರೋ,” ಅನ್ನುತ್ತಿದ್ದಳು ಅಕ್ಕ. “ಒಂದೀಟು ಕುಂದ್ರು.”

“ಡ್ಯೂಟಿಗೆ ಹೊತ್ತಾತು ಅಕ್ಕ,” ಅನ್ನುತ್ತಿದ್ದೆ.

ರಜೆಯ ದಿನವೂ ಹಾಗೇ ಅಂದೆ. ನನ್ನ ರಜೆ ಯಾವ ವಾರ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ “ಹೂಂ, ಹೋಗಿ ಬಾ, ಟೊಪ್ಪಿಗಿ ಮರೀಬ್ಯಾಡ,” ಅಂದಳು. ಹೆಲ್ಮೆಟ್ಟು ತಲೆಗಿಟ್ಟುಕೊಂಡು, ಸೇಫ್ಟಿ ಬೂಟು ಹಾಕಿಕೊಂಡು, ಹೊರಗೆ ಹೋಗಿ ಕಾಲುವೆಯ ಮೆಟ್ಟಿಲ ಮೇಲೆ ನಾಲ್ಕು ತಾಸು ಕುಳಿತು ಬಂದೆ.

ಚಳಿಗಾಲದ ಒಂದು ಮುಂಜಾನೆ ಅವಳು ಹೋದಳು. ಅತ್ತೆ ಹತ್ತಿರ ಇದ್ದರು. ನಾನು ಶಿಫ್ಟಿನಲ್ಲಿದ್ದೆ, ಈ ಸಲ ನಿಜವಾಗಿ.

ಆಚಾರ್ರು ಪಂಚಾಂಗ ತೆಗೆದು ನೋಡಿ ತಲೆಯಾಡಿಸಿದರು. “ನಕ್ಷತ್ರ ಸರಿ ಇಲ್ಲಪ್ಪ. ಮನೆ ಬಿಡೋದು ಆಗದಿದ್ದರೆ ಜೀವ ಹೋದ ಕೋಣೆಯನ್ನಾದರೂ ಮೂರು ತಿಂಗಳು ಮುಚ್ಚು.” ನಮ್ಮ ಕಡೆ ಇದು ಇದ್ದದ್ದೇ. ಅಂಥ ನಕ್ಷತ್ರದಲ್ಲಿ ಹೋದವರಿಗೆ ದಾರಿ ಸಿಗುವುದಿಲ್ಲ, ವಾಪಸ್ ಬಂದು ಬಾಗಿಲು ಬಡಿಯುತ್ತಾರೆ, ಕೇಳಿದರೂ ಓ ಅನ್ನಬಾರದು, ತೆಗೆಯಬಾರದು ಎಂದು ಹಿರಿಯರು ಹೇಳುತ್ತಾರೆ. ಹೆಣ ಎತ್ತುವ ಹೊತ್ತಿನಲ್ಲಿ ನಾಲ್ಕು ಜನ ಹೆಂಗಸರು ನನಗೆ ಅದನ್ನೇ ಮತ್ತೆ ಮತ್ತೆ ಹೇಳಿದರು. ನಾನು ಹೂಂ ಹೂಂ ಅಂದೆ. ಒಳಗೊಳಗೆ ನನಗೆ ಹಗುರಾಗಿತ್ತು. ಮೂರು ತಿಂಗಳು ಆ ಕೋಣೆಗೆ ಹೋಗಬೇಕಾಗಿಲ್ಲ ಎಂದು ಶಾಸ್ತ್ರವೇ ಹೇಳುತ್ತಿತ್ತು.

ಮಣ್ಣು ಮಾಡಿ ಬಂದು, ತಲೆಗೆ ನೀರು ಹಾಕಿಕೊಂಡು, ಒದ್ದೆ ಬಟ್ಟೆಯಲ್ಲೇ ಕದ ಎಳೆದೆ. ಮಂಚ, ಹಾಸಿಗೆ, ಅವಳ ಸೂಜಿದಾರದ ಡಬ್ಬಿ ಎಲ್ಲ ಒಳಗೇ ಇದ್ದವು. ಅಡುಗೆಮನೆಯ ಕಡೆಯ ಕದ ಆಗಲೇ ಯಾರೋ ಹಾಕಿದ್ದರು. ಒಳಗೆ ಬಗ್ಗಿ ನೋಡಲಿಲ್ಲ. ಮುಖ ಬೇರೆ ಕಡೆ ತಿರುಗಿಸಿ ಚಿಲಕ ಹಾಕಿದೆ, ಬೀಗ ಹಾಕಿದೆ, ಪದ್ಧತಿಯಂತೆ ಬಾಗಿಲಿಗೆ ಅಡ್ಡಲಾಗಿ ಜಾಲಿಮುಳ್ಳು ಇಟ್ಟೆ.

ನಾಯಿ ಕಾಣಲಿಲ್ಲ. “ಅದು ಆಕಿ ಹಿಂದ ಹೋಗೇತಿ,” ಅಂದರು ಓಣಿಯವರು. “ಮಣ್ಣಿನ ಮ್ಯಾಲ ಕುಂತಿರ್ತೈತಿ ನೋಡು. ನಾಯಿಗಿರೋ ನಿಯತ್ತು ಮನಷ್ಯಾಗ ಎಲ್ಲೈತಿ?” ಆ ಮಾತು ನನಗೆ ಅಂದದ್ದೋ ಸುಮ್ಮನೆ ಅಂದದ್ದೋ ತಿಳಿಯಲಿಲ್ಲ. ಮರುದಿನ ಡ್ಯೂಟಿಗೆ ಹೋದೆ. ಸೂತಕದಲ್ಲೂ ಹೋದೆ. ಮೂರನೆಯ ದಿನ ಬೆಳಿಗ್ಗೆ ಹಾಲು ತುಪ್ಪ ಬಿಡುವುದಕ್ಕೆಂದು ಮಣ್ಣು ಮಾಡಿದ ಜಾಗಕ್ಕೆ ಹೋದೆವು. ಮಣ್ಣು ಹಸಿಯಾಗಿತ್ತು, ಅದರ ಮೇಲೆ ನಾಯಿ ಇರಲಿಲ್ಲ. ನಾಯಿಯ ಹೆಜ್ಜೆಯೂ ಇರಲಿಲ್ಲ. ಹಾಲಿನ ಚೊಂಬು ಅಲ್ಲೇ ಇಟ್ಟು ಮನೆಗೆ ಓಡಿದೆ. ಮುಳ್ಳು ಎಳೆದು, ಬೀಗ ತೆಗೆದು, ಕದ ತಳ್ಳಿದೆ.

ಮರಿ ನನ್ನ ಕಾಲಿನ ಪಕ್ಕದಿಂದ ಹೊರಗೆ ಬಂತು. ಓಡಲಿಲ್ಲ, ಗೋಡೆಗೆ ಮೈ ಒರೆಸಿಕೊಂಡು ನಡೆದು ಹೋಗಿ ಓಣಿಯ ಗಟಾರಕ್ಕೆ ಮೂತಿ ಹಚ್ಚಿ ಕುಡಿಯಿತು. ಕೋಣೆಯೊಳಗೆ ಅಕ್ಕನ ನೀರಿನ ಚೊಂಬು ಉರುಳಿ ಬಿದ್ದಿತ್ತು. ನಾನು ಹೊಸ್ತಿಲಲ್ಲೇ ನಿಂತು ಅಷ್ಟನ್ನು ನೋಡಿ ಮತ್ತೆ ಬೀಗ ಹಾಕಿದೆ. ಮರುದಿನ ನಾಯಿ ನನ್ನನ್ನು ನೋಡಿ ಬಾಲ ಅಲ್ಲಾಡಿಸಿತು. ಕಚ್ಚಿದ್ದರೆ ತಡೆದುಕೊಳ್ಳುತ್ತಿದ್ದೆ.

ಗೊತ್ತಿಲ್ಲದೆ ಆಯಿತು ಎಂದು ಎಲ್ಲರಿಗೂ ಹೇಳಿದೆ. ಎಲ್ಲರೂ ಹೌದು ಅಂದರು.

ಮೂರು ತಿಂಗಳು ಕಳೆದು, ಆಚಾರ್ರು ಬಂದು ಶಾಂತಿ ಮಾಡಿ, ಕೋಣೆ ತೆರೆಯಿತು. ಮಂಚವನ್ನು ಯಾರಿಗೋ ಕೊಟ್ಟೆ. ಅಷ್ಟರಲ್ಲಿ ಬಿಸಿಲು ಬಂದಿತ್ತು. ಪಡಸಾಲೆಯ ತಗಡು ಹತ್ತು ಗಂಟೆಗೇ ಕಾಯುತ್ತಿತ್ತು, ಮಧ್ಯಾಹ್ನ ಅದರ ಕೆಳಗೆ ನಿಂತರೆ ನೆತ್ತಿ ಸುಡುತ್ತಿತ್ತು. ನಾಯಿ ಅಲ್ಲೇ ಬಿದ್ದುಕೊಂಡು ಏದುಸಿರು ಬಿಡುತ್ತಿತ್ತು. ನಡುಕೋಣೆಯ ಬಾಗಿಲು ತೆರೆದೇ ಇದ್ದರೂ ಆ ಕಡೆ ಮುಖ ಹಾಕುತ್ತಿರಲಿಲ್ಲ. ಅಡುಗೆಮನೆಗೆ ಬರಬೇಕಾದರೆ ಸಂದಿಯಿಂದ ಸುತ್ತಿ ಬರುತ್ತಿತ್ತು. ನಾನೂ ಸಂದಿಯಿಂದಲೇ ಹೋಗುತ್ತಿದ್ದೆ.

ಒಂದು ದಿನ ಶಿಫ್ಟ್ ಮುಗಿಸಿ ಬಂದಾಗ ನಾಯಿ ಏಳಲಿಲ್ಲ. ಕಣ್ಣು ಅರ್ಧ ಮುಚ್ಚಿತ್ತು, ವಸಡು ಕಡುಗೆಂಪಾಗಿತ್ತು. ಆಟೋದಲ್ಲಿ ದನದ ಆಸ್ಪತ್ರೆಗೆ ಒಯ್ದೆ. ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಒದ್ದೆ ಬಟ್ಟೆ ಹೊದಿಸಿ, ಸೂಜಿ ಹಾಕಿದರು.

“ವಯಸ್ಸೆಷ್ಟು ಇದಕ್ಕ?” ಕೇಳಿದರು.

“ಅಕ್ಕಗ ಗೊತ್ತಿತ್ರಿ.”

“ಅವರನ್ನ ಕೇಳ್ರಿ ಮತ್ತ.”

ನಾಯಿಯ ಮೇಲಿನ ಒದ್ದೆ ಬಟ್ಟೆ ಸರಿಮಾಡಿದೆ. ಅವರಿಗೆ ತಿಳಿಯಿತು. “ಎದಿ ಬಲ ಕಮ್ಮಿ ಆಗೇತ್ರಿ ಇದಕ್ಕ,” ಅಂದರು ಮೆಲ್ಲಗೆ. “ತಗಡಿನ ಕೆಳಗ ಬಿಟ್ರ ಈ ಬ್ಯಾಸಗಿ ದಾಟಂಗಿಲ್ಲ. ತಣ್ಣನ ಜಾಗ ಇಲ್ಲೇನ್ರಿ ಮನ್ಯಾಗ?”

ಐತ್ರಿ, ಆದರ ಅದು ಹೋಗಂಗಿಲ್ಲ ಅಂದೆ. ಒಮ್ಮೆ ಒಳಗೆ ಸಿಕ್ಕಿಬಿದ್ದಿತ್ತು ಎಂದಷ್ಟೇ ಹೇಳಿದೆ. ಅವರು ಹೇಳಿದ್ದು ಇಷ್ಟು: “ಎಳೀಬ್ಯಾಡ್ರಿ. ಎತ್ತಿ ಒಳಗ ಹಾಕಬ್ಯಾಡ್ರಿ. ತನ್ನ ಕಾಲಿಲೆ ತಾನು ಬರಬೇಕು. ಬಂದ ಮ್ಯಾಲ ಯಾರೂ ಬಾಗಲಾ ಹಾಕಂಗಿಲ್ಲ ಅಂತ ಅದಕ್ಕ ನಂಬಿಕಿ ಬರಬೇಕು.”

ಆದರೆ ನಾನು ಮೊದಲು ಮಾಡಿದ್ದು ಎಳೆಯುವುದನ್ನೇ. ಮರುದಿನದ ಬಿಸಿಲಿಗೆ ಹೆದರಿ ಕೊರಳಿಗೆ ಹಗ್ಗ ಹಾಕಿ ಎಳೆದೆ. ಅದು ನಾಲ್ಕೂ ಕಾಲು ಊರಿ ನಿಂತಿತು, ಉಗುರು ನೆಲಕ್ಕೆ ಕಿರ್ ಎಂದು ಉಜ್ಜಿದವು. ಹೊಸ್ತಿಲ ಹತ್ತಿರ ಬರುತ್ತಲೇ ನಿಂತಲ್ಲೇ ಉಚ್ಚೆ ಹೊಯ್ದುಕೊಂಡಿತು. ಹಗ್ಗ ಬಿಟ್ಟೆ. ಆ ಕಿರ್ ಅನ್ನುವ ಸದ್ದು ಕಿವಿಯಿಂದ ಹೋಗಲೆಂದು ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತೆ.

ಆಮೇಲೆ ರೊಟ್ಟಿಗೆ ಇಳಿದೆ. ಅತ್ತೆಯಿಂದ ಬಿಸಿ ರೊಟ್ಟಿ ತಂದು ಹಾಲಿನಲ್ಲಿ ನೆನೆಸಿ ಹೊಸ್ತಿಲ ಒಳಗೆ ಇಡುತ್ತಿದ್ದೆ. ನಾಯಿ ಹಿಂಗಾಲು ಪಡಸಾಲೆಯಲ್ಲೇ ಊರಿ, ಕುತ್ತಿಗೆ ಉದ್ದ ಮಾಡಿ, ಸಿಕ್ಕಷ್ಟು ನೆಕ್ಕಿ ಹಿಂದೆ ಸರಿಯುತ್ತಿತ್ತು. ತಟ್ಟೆಯನ್ನು ನಾಲ್ಕು ಬೆರಳು ಒಳಗೆ ಸರಿಸಿದರೆ ಅವತ್ತು ಉಪವಾಸ. ಅತ್ತೆ ಒಂದು ದಿನ ನಿಂತು ನೋಡಿದರು. ನಾನೂ ಹೊಸ್ತಿಲ ಈಚೆಗೇ ಮೊಣಕಾಲೂರಿ ಕೋಲಿನಿಂದ ತಟ್ಟೆ ತಳ್ಳುತ್ತಿದ್ದೆ.

“ನೀ ಹೊರಗ ಕುಂತು ಅದಕ್ಕ ಒಳಗ ಹೋಗು ಅಂತಿ,” ಅಂದರು. “ಅದೇನು ನಿನ್ನ ಮೇಸ್ತ್ರಿ ಏನಲೇ, ನೀ ಹೇಳಿದ ಕೂಡ್ಲೆ ಹೋಗಾಕ?”

“ಮೇಸ್ತ್ರಿ ಹೇಳಿದ್ರ ನಾ ಹೋಗ್ತೀನಿ ಅತ್ತಿ, ಮೇಸ್ತ್ರಿ ಹೋಗಂಗಿಲ್ಲ,” ಅಂದೆ.

“ಮತ್ತ ಈಗ ನೀನ ಮೇಸ್ತ್ರಿ ಆಗಿ ಬಿಡು,” ಎಂದು ನಕ್ಕರು. ನಾನೂ ನಕ್ಕೆ. ಕೋಲು ಮಾತ್ರ ಕೈಯಲ್ಲೇ ಇತ್ತು.

ಡಾಕ್ಟರ ಮಾತು ನೆನಪಾಗಿ ಕದ ಕೀಳುವುದು ಎಂದು ತೀರ್ಮಾನಿಸಿದ್ದು ಆ ವಾರ. ಕದವೇ ಇಲ್ಲದಿದ್ದರೆ ಹಾಕುವವರು ಯಾರು. ಪಡಸಾಲೆಯ ಕಡೆಯದು ಹಳೆ ಕಾಲದ ಒಂಟಿ ಕದ. ಮೇಲೊಂದು ಕೆಳಗೊಂದು ಗೂಟದ ಮೇಲೆ ತಿರುಗುವಂಥದ್ದು. ಕೆಳಗೆ ಹಾರೆ ಕೊಟ್ಟು ಎತ್ತಿದರೆ ಕಳಚಿ ಬರುತ್ತದೆ. ಅತ್ತೆ ಒಂದು ಕಡೆ ಹಿಡಿದರು, ನಾನೊಂದು ಕಡೆ. ಹಿತ್ತಲಿಗೆ ಒಯ್ದು ಗೋಡೆಗೆ ಒರಗಿಸಿದೆವು. ಇಷ್ಟು ದಿನ ಗೋಡೆಯ ಕಡೆಗೇ ಇದ್ದ ಕದದ ಒಳಮಗ್ಗುಲು ಮೊದಲ ಸಲ ಬಿಸಿಲಿಗೆ ಬಿತ್ತು.

ಕೆಳಗಿನ ಅರ್ಧ ಪೂರ್ತಿ ಗೀರು. ಒಂದರ ಮೇಲೊಂದು, ಕೆಲವು ಬೆರಳ ತುದಿ ಹೋಗುವಷ್ಟು ಆಳ. ಅಂಚಿನಲ್ಲಿ ಮರ ಸಿಬಿರೆದ್ದು ಅದರಲ್ಲಿ ಬಿಳಿ ಕೂದಲು ಸಿಕ್ಕಿಕೊಂಡಿತ್ತು.

ಅತ್ತೆ ಗೀರುಗಳ ಮೇಲೆ ಕೈಯಾಡಿಸಿದರು. “ಇಷ್ಟು ಕೆರದೈತಲ್ಲೋ,” ಅಂದರು. ಸಿಬಿರಿನಿಂದ ಕೂದಲು ಬಿಡಿಸುತ್ತ, “ನಿನಗ ಕೇಳಿಸ್ಲಿಲ್ಲೇನೋ ತಮ್ಮಾ?”

“ಇಲ್ಲ ಅತ್ತಿ,” ಅಂದೆ.

ಅದು ಸುಳ್ಳು. ಕೇಳಿಸಿತ್ತು.

ಮಣ್ಣು ಮಾಡಿ ಬಂದ ಸಂಜೆ, ದೀಪ ಹಚ್ಚುವ ಹೊತ್ತು. ಮಂದಿ ಎದ್ದು ಹೋಗಿದ್ದರು. ಪಡಸಾಲೆಯಲ್ಲಿ ನಾನೊಬ್ಬನೇ ಕುಳಿತಿದ್ದೆ. ಕದದ ಹಿಂದೆ ಮೊದಲು ಮೆಲ್ಲಗೆ ಉಗುರು ಎಳೆದ ಹಾಗೆ ಸದ್ದಾಯಿತು, ಆಮೇಲೆ ಬಡಿದ ಹಾಗೆ. ನಡುನಡುವೆ ನರಳಿಕೆ. ಬೇನೆಯಲ್ಲಿ ಅಕ್ಕ ನರಳುತ್ತಿದ್ದುದು ಹಾಗೇ ಇತ್ತು. ಕೂಗಿದರೆ ಓ ಅನ್ನಬಾರದು ಎಂದು ಹೆಂಗಸರು ಹೇಳಿದ್ದು ಕಿವಿಯಲ್ಲಿತ್ತು. ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡೆ. ನಿಲ್ಲಲಿಲ್ಲ. ಎದ್ದು ಚಪ್ಪಲಿಯನ್ನೂ ಮೆಟ್ಟದೆ ಕಾಲುವೆಯ ಕಡೆ ಹೋದೆ. ಆ ರಾತ್ರಿ ಪ್ಲಾಂಟಿನ ದಾರಿಯ ಗಾದಿಗನೂರಿನಲ್ಲಿ ಜೊತೆಯ ಕೆಲಸದವನ ಮನೆಯಲ್ಲಿ ಮಲಗಿ, ಬೆಳಿಗ್ಗೆ ಅಲ್ಲಿಂದಲೇ ಪ್ಲಾಂಟಿನ ಬಸ್ಸು ಹತ್ತಿದೆ. ಸಂಜೆ ಮನೆಗೆ ಬಂದಾಗ ಸದ್ದು ಇನ್ನೂ ಇತ್ತು, ಸಣ್ಣಗಾಗಿತ್ತು. ಹೊರಗಿನ ಕಟ್ಟೆಯ ಮೇಲೆ ಮಲಗಿದೆ.

ನಾಯಿ ಎಂದು ಹೊಳೆಯಲಿಲ್ಲ. ದೇವರಾಣೆಗೂ ಹೊಳೆಯಲಿಲ್ಲ. ನಾಯಿ ಎಂದು ಗೊತ್ತಾಗಿದ್ದರೆ ಆ ಕ್ಷಣಕ್ಕೆ ತೆಗೆಯುತ್ತಿದ್ದೆ. ಅಕ್ಕ ಎಂದು ತಿಳಿದೇ ತೆಗೆಯಲಿಲ್ಲ. ಬದುಕಿದ್ದಾಗ ಒಳಗ ಬಾ ಅಂದರೆ ಡ್ಯೂಟಿ ಐತಿ ಅಂದೆ. ಸತ್ತ ಮೇಲೆ ಬಂದು ಬಾಗಿಲು ಬಡಿಯುತ್ತಿದ್ದಾಳೆ ಎಂದು ನಂಬಿದೆ, ನಂಬಿಯೂ ಎದ್ದು ಹೋದೆ. ನಾಯಿಯನ್ನು ಕೂಡಿ ಹಾಕಿದ್ದು ತಪ್ಪೇ, ಅದಕ್ಕೆ ಕ್ಷಮೆ ಇದೆ, ನಾಯಿಯೇ ಕ್ಷಮಿಸಿತು. ಇನ್ನೊಂದನ್ನು ಯಾರಲ್ಲಿ ಕೇಳುವುದು ಎಂದು ನನಗೆ ತಿಳಿದಿಲ್ಲ.

ಕದ ಕಿತ್ತ ಮರುದಿನ ನನಗೆ ವಾರದ ರಜೆ. ಅನ್ನದ ತಟ್ಟೆ ಹಿಡಿದು ಹೊಸ್ತಿಲ ಹತ್ತಿರ ನಿಂತೆ. ನಾಯಿ ಪಡಸಾಲೆಯಿಂದ ನೋಡುತ್ತಿತ್ತು. ಒಳಗೆ ಹೋದೆ. ಮಂಚ ಇದ್ದ ಜಾಗದಲ್ಲಿ ನಾಲ್ಕು ಕಾಲಿನ ಗುರುತು ಕಲ್ಲಿನ ಮೇಲೆ ಉಳಿದಿತ್ತು. ಅವುಗಳ ನಡುವೆ ಕುಳಿತೆ. ವಾಸನೆ ಇರಲಿಲ್ಲ. ತಣ್ಣಗಿತ್ತು. ಬೆಳಕಿಂಡಿಯಿಂದ ಒಂದು ಕೋಲು ಬಿಸಿಲು ಇಳಿದು ಗೋಡೆಯಲ್ಲಿ ಚುಚ್ಚಿಟ್ಟ ಸೂಜಿಯೊಂದು ಹೊಳೆಯುತ್ತಿತ್ತು.

“ಇವತ್ತು ಡ್ಯೂಟಿ ಇಲ್ಲ ಅಕ್ಕ,” ಅಂದೆ. “ರಜಾ ಐತಿ. ಕುಂದ್ರಾಕ ಬಂದೀನಿ.”

ಅನ್ನ ಉಂಡು ಅಲ್ಲೇ ಕೈ ತೊಳೆದೆ. ನಾಯಿ ಬರಲಿಲ್ಲ.

ಅವತ್ತಿನಿಂದ ಊಟ ಅಲ್ಲೇ. ಬೆಳಗಿನ ಶಿಫ್ಟ್ ಕೇಳಿ ಹಾಕಿಸಿಕೊಂಡೆ, ಮಧ್ಯಾಹ್ನದ ಮೇಲೆ ಮನೆಯಲ್ಲಿರಬಹುದೆಂದು. ಬಿಸಿಲಿನ ಹೊತ್ತು ನಾನಿಲ್ಲದಾಗ ಅತ್ತೆ ನಾಯಿಯ ಮೇಲೆ ಒದ್ದೆ ಗೋಣಿ ಹಾಕಿ ಕಾಯುತ್ತಿದ್ದರು. ಬಂದ ಕೂಡಲೇ ನಾನು ಒಳಗೆ ಹೋಗಿ ಕೂರುತ್ತಿದ್ದೆ. ಕರೆಯುತ್ತಿರಲಿಲ್ಲ. ಕರೆದರೆ ಅದರ ಕಿವಿ ಹಿಂದಕ್ಕೆ ಮಡಿಚಿಕೊಳ್ಳುತ್ತಿತ್ತು. ಬಾಗಿಲಿಗೆ ಬೆನ್ನು ಮಾಡಿ ಕುಳಿತರೆ ಒಂದು ಹೆಜ್ಜೆ ಹತ್ತಿರ ಬರುತ್ತಿತ್ತು ಎಂಬುದನ್ನು ಅದರ ಉಸಿರಿನಿಂದ ಕಂಡುಕೊಂಡೆ. ಮೊದಲು ಮುಂಗಾಲು ಎರಡು ಒಳಗೆ. ಹಾಗೇ ನಾಲ್ಕೈದು ದಿನ, ಅರ್ಧ ನೆರಳಿನಲ್ಲಿ, ಅರ್ಧ ಬೆಂಕಿಯಲ್ಲಿ.

ಆ ನಡುವೆ ಒಂದು ದಿನ ರೊಟ್ಟಿಗೆ ಹೋದಾಗ ಅತ್ತೆಗೆ ನಿಜ ಹೇಳಿದೆ. ಕೇಳಿಸಿತ್ತು ಅತ್ತಿ, ಅಕ್ಕ ಅನಕೊಂಡೆ, ತೆಗೀಲಿಲ್ಲ ಅಂದೆ. ಅವರು ರೊಟ್ಟಿ ಬಡಿಯುತ್ತಲೇ ಇದ್ದರು. ಒಂದು ರೊಟ್ಟಿ ಪೂರ್ತಿ ಬಡಿದು, ಹಂಚಿಗೆ ಹಾಕಿ, ನೀರು ಸವರಿ, ತಿರುವಿ ಹಾಕಿದ ಮೇಲೆ ಬಾಯಿ ತೆರೆದರು.

“ನನಗೂ ಕೇಳಿಸಿತ್ತು,” ಅಂದರು. “ಎರಡು ಮನಿಗೂ ಒಂದ ಗ್ವಾಡಿ. ಆಕಿ ಮೈ ತೊಳದಾಕಿ ನಾನು. ಆದ್ರೂ ದೀಪಾ ಹಚ್ಚಿ, ಬಾಗಲಾ ಹಾಕ್ಕಂಡು ಕುಂತೆ.”

ಹಂಚಿನ ಮೇಲಿನ ರೊಟ್ಟಿ ತೆಗೆದು ಬುಟ್ಟಿಗೆ ಹಾಕಿದರು.

“ಹೋಗ್ಲಿ ಬಿಡು ಅನ್ರಿ ಅತ್ತಿ,” ಅಂದೆ.

“ಅನ್ನಂಗಿಲ್ಲ,” ಅಂದರು. “ನಾ ನೆರಿಮನ್ಯಾಕಿ, ನೀ ತಮ್ಮ. ನಂದು ನಾ ಹೊರ್ತೀನಿ, ನಿಂದು ನೀ ಹೊರು. ರೊಟ್ಟಿ ತಗಂಡು ಹೋಗು, ಆರತಾವ.”

ಮರಿ ಪೂರ್ತಿ ಒಳಗೆ ಬಂದ ದಿನ ನಾನು ಅದರ ತುಂಡು ಕೌದಿಗೆ ಹೊಲಿಗೆ ಹಾಕುತ್ತಿದ್ದೆ. ಬಿಚ್ಚಿಹೋದ ಅಂಚಿಗೆ ಅಕ್ಕನ ಸೂಜಿಯಲ್ಲೇ ದಾರ ಪೋಣಿಸುವುದಕ್ಕೆ ಹೆಣಗುತ್ತಿದ್ದೆ. ಬೆನ್ನ ಹಿಂದೆ ಉಗುರಿನ ಸದ್ದು ಕಲ್ಲಿನ ಮೇಲೆ ಟಕ್ ಟಕ್ ಎಂದು ಬಂತು, ನಿಂತಿತು, ಮತ್ತೆ ಬಂತು. ತಿರುಗಲಿಲ್ಲ. ಅದು ನನ್ನನ್ನು ದಾಟಿ ಹೋಗಿ ಮಂಚದ ಗುರುತುಗಳ ನಡುವೆ ಮೂಸಿತು, ಬಹಳ ಹೊತ್ತು ಮೂಸಿತು. ಒಮ್ಮೆ ಬಾಗಿಲ ಕಡೆ ನೋಡಿತು. ಬಾಗಿಲಲ್ಲಿ ಕದ ಇರಲಿಲ್ಲ, ಓಣಿಯವರೆಗೂ ಕಾಣುತ್ತಿತ್ತು. ಆಮೇಲೆ ಹೊಟ್ಟೆಯನ್ನು ತಣ್ಣನೆ ಕಲ್ಲಿಗೆ ಹಚ್ಚಿ ಮಲಗಿ ದೊಡ್ಡ ಉಸಿರು ಬಿಟ್ಟಿತು. ನಾನು ಸೂಜಿ ಹಿಡಿದುಕೊಂಡು ಹಾಗೇ ಕುಳಿತೆ, ಸರಿದರೆ ಎಲ್ಲಿ ಎದ್ದು ಹೋಗುತ್ತದೋ ಎಂದು.

ಆ ಬೇಸಿಗೆ ದಾಟಿತು. ಈಗ ಇಬ್ಬರೂ ನಡುಕೋಣೆಯಲ್ಲೇ ಮಲಗುತ್ತೇವೆ. ಕಿತ್ತ ಕದ ಹಿತ್ತಲಿನಲ್ಲಿದೆ. ಒಳ್ಳೆ ಸಾಗವಾನಿ, ಕೊಡು ಎಂದು ಬಡಿಗೇರರು ಎರಡು ಸಲ ಕೇಳಿದರು, ಕೊಟ್ಟಿಲ್ಲ. ಅಡುಗೆಮನೆಯ ಕಡೆಯ ಕದ ಮಾತ್ರ ಬೆಕ್ಕಿನ ಕಾಟಕ್ಕೆ ಹಾಗೇ ಉಳಿಸಿಕೊಂಡಿದ್ದೇನೆ. ಗಾಳಿ ಬಂದಾಗ ಅದು ಬಡಿಯುತ್ತದೆ. ಬಡಿದ ಕೂಡಲೇ ಮರಿ ಎದ್ದು ಪಡಸಾಲೆಗೆ ಓಡುತ್ತದೆ, ನಾನು ಎದ್ದು ಹೋಗಿ ಆ ಕದ ತೆಗೆಯುತ್ತೇನೆ. ಎಷ್ಟೇ ದಣಿದಿದ್ದರೂ ಹೋಗಿ ತೆಗೆಯುತ್ತೇನೆ. ಅಲ್ಲಿ ಯಾರೂ ಇರುವುದಿಲ್ಲ. ಸ್ವಲ್ಪ ಹೊತ್ತು ಹಿಡಿದುಕೊಂಡು ನಿಂತು ವಾಪಸ್ ಬಂದರೆ ನಾಯಿಯೂ ಬಂದು ತನ್ನ ಕೌದಿಯ ಮೇಲೆ ಮಲಗಿರುತ್ತದೆ.